ಮೊಲ ಅಟ್ಟುವ ಹುರುಪು ಕಳೆದುಕೊಂಡ ಎಳೆ ನಾಯಿ: ಮತ್ತೆ ಓಡಿಸುವುದು ಹೇಗೆ?

ಆರು ತಿಂಗಳಿದ್ದಾಗ ಗಾಳಿಗೆ ಹಾರಿದ ತರಗೆಲೆಯನ್ನೂ ಬಿಡದೆ ಅಟ್ಟುತ್ತಿದ್ದ ನಾಯಿ, ವರ್ಷ ತುಂಬುವ ಹೊತ್ತಿಗೆ ಗದ್ದೆ ನಡುವೆ ನಿಂತು ನಿಮ್ಮ ಮುಖ ನೋಡುತ್ತದೆ. ಮುಂದೆ ಏನು ಓಡಿದರೂ ಅದಕ್ಕೆ ಬೇಡ. ಮುಧೋಳ, ಬೀಗಲ್, ಊರ ನಾಯಿಗೆ ಹೌಂಡ್ ಬೆರೆತ ತಳಿ, ಯಾವುದನ್ನೇ ಸಾಕಿದವರಾಗಲಿ ಕೇಳುವುದು ಇದೇ ಪ್ರಶ್ನೆ. ಮಾಡುವ ತಪ್ಪೂ ಒಂದೇ: ನಾಯಿ ಓಡುತ್ತಿಲ್ಲ ಅಂತ ಇನ್ನೂ ಜಾಸ್ತಿ ಓಡಿಸಲು ಹೋಗುತ್ತಾರೆ.

ಹುರುಪು ಸುಮ್ನೆ ಹೋಗುವುದಿಲ್ಲ. ಹೆಚ್ಚಿನ ಸಲ ಕಾರಣ ಈ ಮೂರರಲ್ಲೇ ಇರುತ್ತದೆ: ಎಲ್ಲೋ ನೋವು ಅಥವಾ ಕಾಯಿಲೆ, ಯಾವುದೋ ಹೆದರಿಕೆ, ಇಲ್ಲವೇ ಚಿಕ್ಕ ವಯಸ್ಸಿಗೇ ಅತಿಯಾದ ಓಟ. ಕೆಳಗಿನ ಹಂತಗಳ ಅನುಕ್ರಮ ತಪ್ಪಿಸಬೇಡಿ. ಎರಡನೇ ಹಂತ ಬಿಟ್ಟು ಐದಕ್ಕೆ ಹಾರಿದರೆ ಏನೂ ಸಿಗುವುದಿಲ್ಲ.

## ಶುರು ಮಾಡುವ ಮುನ್ನ: ನಿಜವಾದ ಮೊಲ ಬೇಡ

ಕಾಡುಮೊಲವನ್ನು ನಾಯಿ ಬಿಟ್ಟು ಅಟ್ಟಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯೇ. ಕೊಲ್ಲದಿದ್ದರೂ, ಹಿಡಿಯದಿದ್ದರೂ, ನಿಮ್ಮದೇ ತೋಟದಲ್ಲಾದರೂ ಅಪರಾಧ. ಕೊಡಗಿನ ಜಮ್ಮಾ ಕೋವಿಗೆ (ವಂಶಪಾರಂಪರ್ಯ ಜಮೀನಿನವರ ಬಂದೂಕಿಗೆ) ಲೈಸೆನ್ಸ್ ವಿನಾಯಿತಿ ಇದೆಯಲ್ಲ ಅನ್ನುವವರಿದ್ದಾರೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಇನ್ನು ಸಾಕುಮೊಲ ತಂದು ನಾಯಿ ಮುಂದೆ ಬಿಡುವುದು ಪ್ರಾಣಿ ಹಿಂಸೆ. ಅದನ್ನು ತಡೆಯಲು 1960ರ ಬೇರೆ ಕಾಯ್ದೆಯೇ ಇದೆ.

ಕಾನೂನು ಬದಿಗಿಟ್ಟು ನೋಡಿದರೂ ಹೆದರಿದ ನಾಯಿಗೆ ನಿಜವಾದ ಮೊಲದಿಂದ ಉಪಯೋಗ ಕಡಿಮೆ. ಮೊಲ ಬೇಲಿ ನುಗ್ಗಿ ಮಾಯವಾಗುತ್ತದೆ. ನಾಯಿ ಮತ್ತೊಮ್ಮೆ ಸೋಲುತ್ತದೆ. ಗೋಣಿ ತುಂಡಿನಲ್ಲಿ ಮಾಡಿದ ಮೊಲವಾದರೆ ಎಷ್ಟು ವೇಗ, ಎಷ್ಟು ದೂರ, ಯಾವಾಗ ಸಿಗಬೇಕು ಎಲ್ಲ ನಿಮ್ಮ ಕೈಯಲ್ಲಿರುತ್ತದೆ. ಈ ಬರಹದಲ್ಲಿ ಮೊಲ ಅಂದಲ್ಲೆಲ್ಲ ಆ ಗೋಣಿಮೊಲವೇ.

## ಹಂತ 1: ಎಲ್ಲ ನಿಲ್ಲಿಸಿ, ಮೂರು ದಿನ ನೋಡಿ

ಓಟ, ಚೆಂಡು, ಬೈಕ್ ಹಿಂದೆ ಓಡಿಸುವುದು ಎಲ್ಲ ಬಂದ್. ಬೆಲ್ಟ್ ಹಾಕಿ ನಡೆಸಿಕೊಂಡು ಹೋಗಿ, ಅಷ್ಟೇ ಸಾಕು. ಆಮೇಲೆ ಹಿಂದಿನದನ್ನು ನೆನಪು ಮಾಡಿಕೊಳ್ಳಿ. ನಾಯಿ ಓಡುವುದು ಬಿಟ್ಟಿದ್ದು ಹೇಗೆ?

ಜೋರಾಗಿ ಶುರು ಮಾಡಿ ಅರ್ಧದಲ್ಲೇ ನಿಧಾನವಾಗುತ್ತಿದ್ದರೆ ನೋವು, ರಕ್ತಹೀನತೆ ಅಥವಾ ಸುಸ್ತು. ಶುರುವನ್ನೇ ಮಾಡದೆ ಬಾಲ ಮಡಚಿ ನಿಮ್ಮ ಕಾಲ ಹಿಂದೆ ಬರುತ್ತಿದ್ದರೆ ಹೆದರಿಕೆ. ನಾಲ್ಕು ಹೆಜ್ಜೆ ಓಡಿ ತಿರುಗಿ ನಿಮ್ಮನ್ನು ನೋಡುತ್ತಿದ್ದರೆ ಬೈಸಿಕೊಂಡ ನೆನಪು. ಮನೆಯಲ್ಲಿ ಕೋಳಿ, ಬೆಕ್ಕು ಅಟ್ಟಿದಾಗೆಲ್ಲ ಪೆಟ್ಟು ತಿಂದ ನಾಯಿಗೆ ಗದ್ದೆಯಲ್ಲಿ ಅಟ್ಟಬಹುದು ಅಂತ ಹೇಗೆ ಗೊತ್ತಾಗಬೇಕು ಹೇಳಿ? ಓಡುವ ಬದಲು ನೆಲ ಮೂಸುತ್ತಾ ಅಡ್ಡಾಡುತ್ತಿದ್ದರೆ ಎರಡು ಸಾಧ್ಯತೆ. ಅದು ಬೀಗಲ್ ತರ ವಾಸನೆ ಹಿಡಿದು ಅಟ್ಟುವ ಮೂಗಿನ ತಳಿಯ ನಾಯಿ, ಅಥವಾ ಇಷ್ಟವಿಲ್ಲದ ಕೆಲಸದಿಂದ ತಪ್ಪಿಸಿಕೊಳ್ಳುತ್ತಿದೆ.

ಹೆಣ್ಣು ನಾಯಿಯಾದರೆ ಬೆದೆಗೆ ಬಂದ ತಾರೀಕು ಬರೆದಿಡಿ. ಬೆದೆ ಮುಗಿದ ಮೇಲೆ ಸುಮಾರು ಎರಡು ತಿಂಗಳಿಗೆ ಕೆಲವಕ್ಕೆ ಹುಸಿ ಗರ್ಭ ಬರುತ್ತದೆ. ಮೊಲೆ ಊದಿಕೊಳ್ಳುತ್ತದೆ, ಮೂಲೆ ಸೇರಿ ಮಲಗುತ್ತವೆ, ಯಾವ ಆಟವೂ ಬೇಡ. ಸಾಮಾನ್ಯವಾಗಿ ಮೂರ್ನಾಲ್ಕು ವಾರದಲ್ಲಿ ತಾನೇ ಸರಿಹೋಗುತ್ತದೆ. ಆಗ ತರಬೇತಿಗೆ ಕೈ ಹಾಕಬೇಡಿ.

## ಹಂತ 2: ಮೂಗಿನಿಂದ ಬಾಲದವರೆಗೆ ಮೈ ತಪಾಸಣೆ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಜನ ಹಾರಿಸುವುದೂ ಇದನ್ನೇ.

ಉಣ್ಣೆ. ಕಿವಿಯ ಒಳಗೆ, ಬೆರಳ ಸಂದು, ಬೆಲ್ಟಿನ ಅಡಿ, ಕಂಕುಳು, ಬಾಲದ ಬುಡ, ಎಲ್ಲ ಕಡೆ ಬೆರಳಾಡಿಸಿ. ದನ ಓಡಾಡುವ ಬಾಣೆಗೆ (ಹುಲ್ಲುಗಾವಲಿಗೆ) ಹೋಗುವ ನಾಯಿಗಳಲ್ಲಿ ಉಣ್ಣೆ ಇಲ್ಲದಿದ್ದರೆ ಆಶ್ಚರ್ಯ. ಉಣ್ಣೆ ಜ್ವರ ಬಂದ ನಾಯಿ ಶುರುವಿನಲ್ಲಿ ಮಲಗಿಯೇ ಬಿಡುವುದಿಲ್ಲ. ಊಟ ಸ್ವಲ್ಪ ಬಿಡುತ್ತದೆ, ಓಟ ಪೂರ್ತಿ ಬಿಡುತ್ತದೆ. ಒಸಡು ಬಿಳಚಿಕೊಳ್ಳುವುದು, ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕಿ, ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ, ಇದರಲ್ಲಿ ಒಂದು ಕಂಡರೂ ಅವತ್ತೇ ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಕೊಟ್ಟ ಮಾತ್ರೆ ಪೂರ್ತಿ ಹಾಕಿ. ಮೂರನೇ ದಿನಕ್ಕೇ ನಾಯಿ ಕುಣಿಯುತ್ತದೆ, ಮಾಲೀಕ ಮಾತ್ರೆ ನಿಲ್ಲಿಸುತ್ತಾನೆ, ತಿಂಗಳು ಕಳೆದು ಮತ್ತೆ ಅದೇ ಕಥೆ.

ಜ್ವರ ಮತ್ತು ಒಸಡು. ಮೆಡಿಕಲ್‌ನಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದಲ್ಲಿ ಇಟ್ಟು ನೋಡಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ. ಮೂಗು ಮುಟ್ಟಿ ಜ್ವರ ಹೇಳಲಾಗದು. ಒಸಡನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕು.

ಜಿಗಣೆ. ಮಳೆಗಾಲದಲ್ಲಿ ಕಾಲಿಗೆ ಹತ್ತಿದ್ದನ್ನು ಎಲ್ಲರೂ ನೋಡುತ್ತಾರೆ, ಮೂಗಿನೊಳಗೆ ಸೇರಿದ್ದನ್ನು ನೋಡುವುದಿಲ್ಲ. ಒಂದೇ ಹೊಳ್ಳೆಯಲ್ಲಿ ರಕ್ತ, ಬಿಟ್ಟು ಬಿಟ್ಟು ಸೀನು, ಮೂತಿಯನ್ನು ನೆಲಕ್ಕೆ ಉಜ್ಜುವುದು ಇದರ ಗುರುತು. ಚಿಮ್ಮಟ ಹಾಕಿ ನೀವೇ ಎಳೆಯಬೇಡಿ, ಅರ್ಧ ಒಳಗೇ ಉಳಿಯುತ್ತದೆ. ಅದು ಡಾಕ್ಟರ ಕೆಲಸ.

ಪಾದ. ಗದ್ದೆ ಕುಯ್ದ ಮೇಲೆ ಉಳಿಯುವ ಕೂಳೆ, ಕಸಿ ಮಾಡಿದ (ರೆಂಬೆ ಕತ್ತರಿಸಿದ) ಕಾಫಿ ಗಿಡದ ಚೂಪು ಕಡ್ಡಿ, ಲಂಟಾನ ಮುಳ್ಳು. ಪಾದದ ಮೆತ್ತೆ ಒಂದೊಂದನ್ನೂ ಒತ್ತಿ ನೋಡಿ. ನಾಯಿ ಕಾಲು ಎಳೆದುಕೊಂಡ ಜಾಗದಲ್ಲಿ ಏನೋ ಇದೆ. ಬೆರಳ ಸಂದಿನಲ್ಲಿ ಸಣ್ಣ ಗಂಟು ಎದ್ದಿದ್ದರೆ ಒಳಗೆ ಹುಲ್ಲಿನ ಮುಳ್ಳು ಕೂತಿರಬಹುದು.

ಕಾಲು. 5ರಿಂದ 14 ತಿಂಗಳ ಒಳಗಿನ ಬೆಳೆಯುವ ನಾಯಿ ಇವತ್ತು ಎಡಗಾಲು ಕುಂಟಿ, ಎರಡು ವಾರ ಬಿಟ್ಟು ಬಲಗಾಲು ಕುಂಟಿದರೆ ಅದು ಉದ್ದ ಮೂಳೆಗಳ ನೋವು. ನಾಟಕ ಮಾಡುತ್ತಿದೆ ಅನ್ನುವವರ ಮಾತು ಕೇಳಬೇಡಿ. ಮನೆಯಲ್ಲಿರುವ ಪ್ಯಾರಸಿಟಮಾಲ್, ಬ್ರೂಫೆನ್ ಕೊಡಲೇಬೇಡಿ. ನಾಯಿಯ ಲಿವರ್, ಕಿಡ್ನಿ ಹಾಳಾಗುತ್ತದೆ.

ಬಾಯಿ. ನಾಲ್ಕರಿಂದ ಏಳು ತಿಂಗಳೊಳಗೆ ಹಾಲುಹಲ್ಲು ಉದುರುತ್ತದೆ. ಆಗ ಬಟ್ಟೆ ಕಚ್ಚಿ ಎಳೆಯುವ ಆಟ ಆಡಿಸಿದರೆ ನೋವಾಗುತ್ತದೆ, ಮೊಲ ಅಂದರೆ ನೋವು ಅಂತ ತಲೆಯಲ್ಲಿ ಕೂರುತ್ತದೆ.

ಹೊಟ್ಟೆ. ಕೊಕ್ಕೆಹುಳು ರಕ್ತ ಹೀರುತ್ತದೆ. ಜಂತಿನ ಔಷಧಿ ತೂಕ ನೋಡಿ ಹಾಕಿಸಿ. ಮುಧೋಳಕ್ಕೆ ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುವುದು ಸಹಜ, ತೊಡೆಯ ಮಾಂಸ ಕರಗಿರುವುದು ಸಹಜವಲ್ಲ. ಬರೀ ಅನ್ನ ಮಜ್ಜಿಗೆಯಲ್ಲಿ ಓಡುವ ನಾಯಿ ತಯಾರಾಗುವುದಿಲ್ಲ. ಮೊಟ್ಟೆ, ಕೋಳಿ, ಮಾಂಸ ಬೇಕು.

ಇನ್ನೊಂದು ಮಾತು. ತೋಟದಲ್ಲಿ ಔಷಧಿ ಹೊಡೆದ ದಿನಗಳಲ್ಲಿ ನಾಯಿ ಮಂಕಾಗಿದ್ದರೆ, ಅಥವಾ ಬಸವನಹುಳಕ್ಕೆ ವಿಷ ಇಟ್ಟ ಕಡೆ ಓಡಾಡಿ ಬಂದು ನಡುಗುತ್ತಿದ್ದರೆ, ಮುಂದಿನ ಸಾಲು ಓದಬೇಡಿ. ಔಷಧಿಯ ಪ್ಯಾಕೆಟ್ ಹಿಡಿದುಕೊಂಡು ಆಸ್ಪತ್ರೆಗೆ ಹೊರಡಿ.

## ಹಂತ 3: ಎರಡು ವಾರ ಏನೂ ಬೇಡ

ಮೈಯಲ್ಲಿ ತೊಂದರೆ ಸಿಕ್ಕಿದರೆ ಅದು ವಾಸಿಯಾದ ಮೇಲೆ ಎರಡು ವಾರ. ಏನೂ ಸಿಗದಿದ್ದರೂ ಎರಡು ವಾರ. ದಿನಕ್ಕೆ ಎರಡು ಸಲ ನಡಿಗೆ, ಹೊಸ ದಾರಿಗಳಲ್ಲಿ. ಓಡುವ ವಸ್ತು ಯಾವುದೂ ಕಣ್ಣಿಗೆ ಬೀಳಬಾರದು, ಚೆಂಡನ್ನೂ ಎತ್ತಿಡಿ. ಸಿಕ್ಕಾಪಟ್ಟೆ ಓಡಿಸಿ ಬೇಸತ್ತ ನಾಯಿಗಳು ಎಷ್ಟೋ ಸಲ ಈ ಹಂತದಲ್ಲೇ ಅರ್ಧ ಸರಿಹೋಗುತ್ತವೆ.

ಈ ವಾರಗಳಲ್ಲಿ ಕಲಿಸಬೇಕಾದ್ದು ಒಂದಿದೆ: ಕರೆದರೆ ಬರುವುದು. ಉದ್ದ ಹಗ್ಗ ಕಟ್ಟಿ, ಹೆಸರು ಕರೆದು, ಬಂದ ಕೂಡಲೇ ಬೇಯಿಸಿದ ಕೋಳಿ ತುಂಡು ಕೊಡಿ. ಅಟ್ಟುವ ಹುರುಪು ವಾಪಸ್ ಬಂದು ಕರೆದರೆ ಬಾರದ ನಾಯಿ ಕೊಡಗಿನ ತೋಟದಲ್ಲಿ ಅಪಾಯ. ಪಕ್ಕದವರ ಕೋಳಿ ಬಿಡಿ, ಆನೆಗೆ ಬೊಗಳಿ ಹೆದರಿ ನಾಯಿ ಓಡಿ ಬರುವುದು ಸೀದಾ ಯಜಮಾನನ ಕಡೆಗೇ, ಆನೆಯೂ ಅದರ ಹಿಂದೆ.

## ಹಂತ 4: ಸಾಮಾನು ಹೊಂದಿಸಿ

ಐದಾರು ಅಡಿಯ ಬಿದಿರು ಗಳ, ಅದರ ತುದಿಗೆ ಅಷ್ಟೇ ಉದ್ದದ ಹತ್ತಿ ಹಗ್ಗ. ಮೊಲಕ್ಕೆ ಹಳೇ ಗೋಣಿ ಚೀಲದ ಮೊಳದುದ್ದದ ತುಂಡು ಸುತ್ತಿ ಕಟ್ಟಿ, ಬಾಲಕ್ಕೆ ಬಿಳಿ ಪ್ಲಾಸ್ಟಿಕ್ ಪಟ್ಟಿಗಳನ್ನು ಸಿಕ್ಕಿಸಿ. ಅಲುಗಾಡುವ ಬಿಳಿ ಬಣ್ಣ ದೂರದಿಂದಲೂ ಕಾಣುತ್ತದೆ, ಮುಧೋಳದಂಥ ನಾಯಿ ಅಟ್ಟುವುದು ಕಣ್ಣಿನಿಂದ. ಅಂಗಿ ಗುಂಡಿ, ತಂತಿ, ಗಟ್ಟಿ ಪ್ಲಾಸ್ಟಿಕ್ ಯಾವುದೂ ಬೇಡ.

ಗದ್ದೆ ಓಟಕ್ಕೆ 100 ಮೀಟರ್ ನೈಲಾನ್ ದಾರ ಮತ್ತು ಹಳೇ ಸೈಕಲ್. ಸೈಕಲ್ ತಲೆಕೆಳಗೆ ನಿಲ್ಲಿಸಿ, ಹಿಂದಿನ ಚಕ್ರದ ಟಯರ್ ಕಳಚಿ, ದಾರವನ್ನು ರಿಮ್ಮಿಗೆ ಕಟ್ಟಿ ಪೆಡಲ್ ತಿರುಗಿಸಿದರೆ ಮೊಲ ಓಡಿ ಬರುತ್ತದೆ. ತಿರುಗಿಸುವವರಿಗೆ ದಪ್ಪ ಗ್ಲೌಸ್, ಪಕ್ಕದಲ್ಲಿ ಚೂಪಾದ ಚಾಕು. ನಾಯಿಯ ಕಾಲಿಗೆ ದಾರ ಸಿಕ್ಕಿಕೊಂಡರೆ ಬಿಡಿಸುತ್ತಾ ಕೂರಬೇಡಿ, ಕತ್ತರಿಸಿ. ದಾರವನ್ನು ಕೈಗೆ ಸುತ್ತಿಕೊಂಡು ಎಳೆಯುವುದಂತೂ ಬೇಡವೇ ಬೇಡ.

## ಹಂತ 5: ಅಂಗಳದಲ್ಲಿ ಗಳದ ಆಟ

ಮೊದಲ ಎರಡು ದಿನ ನಾಯಿಗೆ ಮೊಲ ಕೊಡಲೇಬೇಡಿ. ಗೇಟಿನ ಆಚೆ ಅಥವಾ ಮನೆಯವರೊಬ್ಬರ ಕೈಯಲ್ಲಿ ನಾಯಿ ಇರಲಿ. ನೀವು ಈಚೆ ಮೊಲವನ್ನು ನೆಲಕ್ಕೆ ಹತ್ತಿಸಿ ಸರ್ರನೆ ಎಳೆಯಿರಿ, ನಿಲ್ಲಿಸಿ, ಒಮ್ಮೆ ನಡುಗಿಸಿ, ಮತ್ತೆ ಎಳೆಯಿರಿ. ನಾಯಿಯ ಕಡೆ ನೋಡಲೂ ಬೇಡಿ. ಅರ್ಧ ನಿಮಿಷಕ್ಕೆ ಮೊಲವನ್ನು ಎತ್ತಿ ಒಳಗಿಟ್ಟು ಬಾಗಿಲು ಹಾಕಿ. ನಾಯಿ ಕುಂಯ್ ಅಂದರೆ, ಬಾಗಿಲು ಮೂಸಿದರೆ ಕೆಲಸ ಆಗುತ್ತಿದೆ ಅಂತ ಅರ್ಥ. ಮಕ್ಕಳ ಮುಂದೆ ಮಿಠಾಯಿ ಡಬ್ಬಿ ತೋರಿಸಿ ಅಟ್ಟದ ಮೇಲಿಟ್ಟ ಹಾಗೆ.

ಮೂರನೇ ದಿನ ಬಿಡಿ. ಮೊಲ ಯಾವಾಗಲೂ ನಾಯಿಯಿಂದ ದೂರ ಓಡಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ: ನಾಯಿ ಬರುತ್ತಿಲ್ಲ ಅಂತ ಮೊಲವನ್ನು ಅದರ ಮೂತಿಗೇ ಹಿಡಿದು, ಬಡಿದು, ಮೈಮೇಲೆ ಎಸೆದು ಕರೆಯುತ್ತಾರೆ. ಬೇಟೆಯಾಗುವ ಪ್ರಾಣಿ ನಾಯಿಯ ಮೇಲೆ ಎಗರಿ ಬರುತ್ತದಾ? ಧೈರ್ಯದ ನಾಯಿಯೂ ಹಿಂದೆ ಸರಿಯುತ್ತದೆ, ಹೆದರಿದ್ದಂತೂ ಅಲ್ಲಿಗೆ ಮುಗಿಯಿತು.

ನಾಯಿ ಎರಡು ಹೆಜ್ಜೆ ಹಾಕಿದರೂ ಸಾಕು, ಮೊಲವನ್ನು ನಿಧಾನ ಮಾಡಿ ಸಿಗುವಂತೆ ಮಾಡಿ. ಕಚ್ಚಿಕೊಂಡು ಸುತ್ತಾಡಲಿ, ಅಲ್ಲಾಡಿಸಲಿ, ಮಲಗಿ ಹಿಡಿದುಕೊಳ್ಳಲಿ. ಕಿತ್ತುಕೊಳ್ಳಬೇಡಿ. ಮಾಂಸದ ತುಂಡು ತೋರಿಸಿದರೆ ತಾನೇ ಬಿಡುತ್ತದೆ. ಆಮೇಲೆ ಮೊಲ ಒಳಗೆ. ಅವತ್ತಿನ ಆಟ ಮುಗಿಯಿತು. ಇನ್ನೂ ಬೇಕು ಅಂತ ನಾಯಿ ಕುಣಿಯುವಾಗ ನಿಲ್ಲಿಸುವುದು ಕಷ್ಟ ನಿಜ, ನೋಡಲು ಬಂದ ಅಕ್ಕಪಕ್ಕದವರು ಇನ್ನೊಂದು ಸಲ ಮಾಡಿ ಅನ್ನುತ್ತಾರೆ. ಮಾಡಬೇಡಿ.

ದಿನಕ್ಕೆ ಒಂದೇ ಆಟ, ಹೆಚ್ಚೆಂದರೆ ಮೂರು ನಿಮಿಷ, ವಾರಕ್ಕೆ ನಾಲ್ಕು ದಿನ. ಎರಡೂ ಕಡೆಗೆ ತಿರುಗಿಸಿ, ಒಂದೇ ಕಡೆ ಸುತ್ತಿಸಿದರೆ ಒಂದೇ ಕಾಲಿಗೆ ಭಾರ ಬೀಳುತ್ತದೆ. ಗಳ ಎತ್ತಿ ನಾಯಿಯನ್ನು ಹಾರಿಸಬೇಡಿ. ಸಿಮೆಂಟ್ ಕಣದಲ್ಲಿ, ಪಾಚಿ ಕಟ್ಟಿದ ಅಂಗಳದಲ್ಲಿ ಆಡಿಸಬೇಡಿ. ಗಳ ಕಂಡ ಕೂಡಲೇ ನಾಯಿ ಕಿವಿ ನೆಟ್ಟಗೆ ಮಾಡಿ ಓಡಿ ಬರುವುದು ಒಂದು ವಾರ ಪೂರ್ತಿ ನಡೆದರೆ ಮಾತ್ರ ಮುಂದಿನ ಹಂತ.

## ಹಂತ 6: ಗದ್ದೆಯಲ್ಲಿ ನೇರ ಓಟ

ಜಾಗ ಮೊದಲು ನಡೆದು ನೋಡಿ. ಕೊಯ್ಲಾದ ಗದ್ದೆ ಚೆನ್ನ, ಆದರೆ ಕೂಳೆ ದನ ಮೇದು ತಗ್ಗಿರಬೇಕು. ಬಾಣೆಯಾದರೆ ಗುಂಡಿ, ಕಲ್ಲು, ಒಡೆದ ಬಾಟಲಿ ನೋಡಿ. ಬೇಲಿ ಸಾಲಿನಲ್ಲಿ ಹಂದಿಗೆ ಇಟ್ಟ ಉರುಳು ಇರಬಹುದು, ಅದಕ್ಕೆ ನಾಯಿ ಯಾವುದು ಹಂದಿ ಯಾವುದು ಅಂತ ಗೊತ್ತಿಲ್ಲ. ಕಾಡಂಚಿನಿಂದ ದೂರವಿರಿ. ಸಮಯ ಬೆಳಿಗ್ಗೆ ಎಂಟರ ಮೇಲೆ, ಹತ್ತರ ಒಳಗೆ. ಅದಕ್ಕಿಂತ ಮುಂಚೆ ಮಂಜಿನಲ್ಲಿ ನಾಯಿಗೆ ಮೊಲ ಕಾಣುವುದಿಲ್ಲ, ಆನೆ ಇನ್ನೂ ದಾರಿಯಲ್ಲಿದ್ದರೆ ನಿಮಗೂ ಕಾಣುವುದಿಲ್ಲ. ಓಟಕ್ಕೆ ಮೂರು ಗಂಟೆ ಮೊದಲೇ ಊಟ ಮುಗಿದಿರಬೇಕು.

ಹತ್ತು ನಿಮಿಷ ನಡೆಸಿ ಮೈ ಬಿಸಿ ಮಾಡಿ. ಒಬ್ಬರು ನಾಯಿ ಹಿಡಿದುಕೊಳ್ಳಿ, ಇನ್ನೊಬ್ಬರು ಸೈಕಲ್ ಹತ್ತಿರ. ಮೊಲ ಎರಡು ಸಲ ಕುಪ್ಪಳಿಸಿ ಓಡಲಿ, ಹತ್ತು ಮೀಟರ್ ಆದ ಮೇಲೆ ನಾಯಿ ಬಿಡಿ. ಮೊದಲ ಓಟ 50 ಮೀಟರ್ ಸಾಕು. ಮೊಲ ನಾಯಿಗಿಂತ ಹತ್ತು ಹದಿನೈದು ಮೀಟರ್ ಮುಂದಿರುವಂತೆ ತಿರುಗಿಸಿ. ದೂರ ಹೋದರೆ ನಾಯಿ ಕೈಬಿಡುತ್ತದೆ, ತೀರಾ ಹತ್ತಿರವಾದರೆ ಓಡುವ ಮೊಲಕ್ಕೆ ಬಾಯಿ ಹಾಕಿ ಪಲ್ಟಿ ಹೊಡೆಯುತ್ತದೆ. ಸೈಕಲ್‌ಗೆ 20 ಮೀಟರ್ ಇರುವಾಗಲೇ ನಿಲ್ಲಿಸಿ, ಹಿಡಿಯಲಿ. ಹಿಡಿಯದೆ ಮುಗಿಯುವ ಓಟ ಈಗ ಒಂದೂ ಇರಬಾರದು.

ಹದಿನೈದು ನಿಮಿಷ ಬಿಟ್ಟು, ಉಸಿರು ಪೂರ್ತಿ ಇಳಿದಿದ್ದರೆ ಮಾತ್ರ ಇನ್ನೊಂದು ಓಟ. ವಾರಕ್ಕೆ ಎರಡು ದಿನ. ವಾರ ವಾರ ಹತ್ತು ಮೀಟರ್ ಹೆಚ್ಚಿಸಿ. ತಿರುವು, ಅಡ್ಡ ಓಟ ಎಲ್ಲ ಹದಿನೈದು ತಿಂಗಳಾದ ಮೇಲೆ, ಅಲ್ಲಿಯವರೆಗೆ ಮೂಳೆಯ ತುದಿಗಳು ಪೂರ್ತಿ ಗಟ್ಟಿಯಾಗಿರುವುದಿಲ್ಲ.

ನಾಲಗೆ ಅಗಲವಾಗಿ ಜೋತು, ಜೊಲ್ಲು ದಪ್ಪವಾಗಿ, ಒಸಡು ಕಡುಗೆಂಪಾಗಿ, ಹೆಜ್ಜೆ ತೂರಾಡಿದರೆ ಬಿಸಿಲೇಟು. ನೆರಳಿಗೆ ಒಯ್ದು ಮೈತುಂಬ ತಣ್ಣೀರು ಸುರಿದು ಗಾಳಿ ಬೀಸಿ, ಸುರಿಯುತ್ತಲೇ ಡಾಕ್ಟರ ಹತ್ತಿರ ಹೋಗಿ. ಮಡಿಕೇರಿ ಚಳಿಯಲ್ಲಿ ಬಿಸಿಲೇಟು ಎಲ್ಲಿಂದ ಅನ್ನಬೇಡಿ. ಓಡಿದ ಮೈ ಒಳಗಿನಿಂದಲೇ ಕಾಯುತ್ತದೆ.

## ಹಂತ 7: ಸದ್ದಿಗೆ ಹೆದರಿದ ನಾಯಿ

ಕೊಡಗಿನಲ್ಲಿ ಇದಕ್ಕೆ ಬೇರೆಯೇ ಜಾಗ ಕೊಡಬೇಕು. ಸೆಪ್ಟೆಂಬರ್‌ನಲ್ಲಿ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ತೆಂಗಿನಕಾಯಿಗೆ ಗುಂಡು, ನವೆಂಬರ್ ಡಿಸೆಂಬರ್‌ನಲ್ಲಿ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಗದ್ದೆಯಲ್ಲೇ ಕೋವಿ ಮತ್ತು ಪಟಾಕಿ, ಮಿಕ್ಕ ದಿನ ಆನೆ ಓಡಿಸುವ ಪಟಾಕಿ. ಮೊದಲ ಸಲ ಗದ್ದೆಗೆ ಹೋದ ಮರಿಯ ತಲೆಯ ಮೇಲೇ ಗುಂಡು ಹಾರಿದರೆ ಅದಕ್ಕೆ ಹೆದರಿಕೆಯಾಗುವುದು ಗದ್ದೆಯ ಮೇಲೆ. ನಾಯಿ ಅಂಗಳದಲ್ಲಿ ಚೆನ್ನಾಗಿ ಆಡಿ ಗದ್ದೆಯಲ್ಲಿ ಮಾತ್ರ ಮಂಕಾದರೆ ಇದೇ ಕಾರಣ ಅಂತ ಹಿಡಿಯಿರಿ.

ಮೊದಲು ಜಾಗ ಬದಲಿಸಿ, ಹೆದರಿದ ಗದ್ದೆಗೆ ಹೋಗಬೇಡಿ. ಊಟದ ಹೊತ್ತಿನಲ್ಲಿ ಫೋನಿನಲ್ಲಿ ಪಟಾಕಿ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ. ನಾಯಿ ತಟ್ಟೆಯಿಂದ ತಲೆ ಎತ್ತದಿದ್ದರೆ ಕೆಲವು ದಿನ ಬಿಟ್ಟು ಒಂದು ಹಂತ ಜೋರು. ತಲೆ ಎತ್ತಿ ಊಟ ಬಿಟ್ಟರೆ ಎರಡು ಹಂತ ಕೆಳಗೆ. ವಾರಗಟ್ಟಲೆ ಹಿಡಿಯುತ್ತದೆ, ಅವಸರಕ್ಕೆ ದಾರಿಯಿಲ್ಲ. ಮೊಲ ಅಟ್ಟುವಾಗ ಮಾತ್ರ ಯಾವ ಸದ್ದೂ ಬೇಡ. ಹಬ್ಬದ ದಿನ ನಾಯಿಯನ್ನು ಒಳಗಿನ ಕೋಣೆಯಲ್ಲಿ ಕೂರಿಸಿ, ಟಿವಿ ಹಾಕಿ, ಜೊತೆಗೆ ಒಬ್ಬರಿರಿ. ಅಭ್ಯಾಸವಾಗಲಿ ಅಂತ ಗುಂಡು ಹೊಡೆಯುವ ಕಡೆ ಕಟ್ಟಿಹಾಕುವ ಬುದ್ಧಿವಂತರೂ ಇದ್ದಾರೆ. ಹಾಗೆ ಕೆಟ್ಟ ನಾಯಿ ಸರಿಹೋಗುವುದು ಬಹಳ ಕಷ್ಟ.

## ಹಂತ 8: ಮೂಗಿನ ನಾಯಿ, ಜೊತೆ ನಾಯಿ

ಬೀಗಲ್ ತರದ ನಾಯಿಗೆ ಸೈಕಲ್ ಓಟ ಬೇಕಿಲ್ಲ. ಸಾಕುಮೊಲ ಇಟ್ಟವರ ಹತ್ತಿರ ಗೂಡಿನ ಹಳೇ ಹುಲ್ಲು ತಂದು ಕಾಲುಚೀಲದಲ್ಲಿ ತುಂಬಿ, 50 ಹೆಜ್ಜೆ ನೆಲದ ಮೇಲೆ ಎಳೆದು, ಕೊನೆಗೆ ಮಾಂಸದ ತುಂಡು ಇಡಿ. ಎಳೆಯುವುದನ್ನು ನಾಯಿ ನೋಡಬಾರದು. ನೆಲ ತುಸು ಒದ್ದೆಯಿದ್ದರೆ ವಾಸನೆ ಚೆನ್ನಾಗಿ ನಿಲ್ಲುತ್ತದೆ. ದಾರಿ ತಪ್ಪಿದರೆ ಬೆರಳು ತೋರಿಸಬೇಡಿ, ಸುಮ್ಮನೆ ನಿಲ್ಲಿ, ತಾನೇ ಹುಡುಕಲಿ.

ಹಳೇ ಹುರುಪಿನ ನಾಯಿಯ ಜೊತೆ ಬಿಟ್ಟರೆ ಕಲಿಯುತ್ತದೆ ಅನ್ನುವುದು ಅರ್ಧ ನಿಜ. ಪಕ್ಕದಲ್ಲಿ ಕಟ್ಟಿ ಅದರ ಓಟ ತೋರಿಸಿ, ಒಳ್ಳೆಯದು. ಜೊತೆಗೆ ಓಡಿಸಿದರೆ ಪ್ರತಿ ಸಲ ದೊಡ್ಡದೇ ಹಿಡಿಯುತ್ತದೆ, ಚಿಕ್ಕದಕ್ಕೆ ಕಚ್ಚೂ ಬೀಳಬಹುದು. ಒಂಟಿಯಾಗಿ ಆರೇಳು ವಾರ ಚೆನ್ನಾಗಿ ಓಡಿದ ಮೇಲೆ ನೋಡೋಣ.

## ಯಾವಾಗ ಹಿಂದಿನ ಹಂತಕ್ಕೆ?

ಗಳ ಕಂಡು ಆಕಳಿಸಿದರೆ, ತುಟಿ ನೆಕ್ಕಿ ಮುಖ ತಿರುಗಿಸಿದರೆ ಒಂದು ಹಂತ ಹಿಂದೆ. ಓಡಿದ ಮರುದಿನ ಏಳುವಾಗ ಕಾಲು ಬಿಗಿದರೆ ಒಂದು ವಾರ ರಜೆ, ಆಮೇಲೂ ಹಾಗೇ ಇದ್ದರೆ ಡಾಕ್ಟರು. ಎರಡು ಸಲ ಸಾಲಾಗಿ ಅರ್ಧದಲ್ಲಿ ನಿಂತರೆ ಮತ್ತೆ ಎರಡನೇ ಹಂತದಿಂದ ಶುರು, ರಕ್ತ ಪರೀಕ್ಷೆ ಸಮೇತ. ಇನ್ನೊಂದು ಕಡೆಯೂ ಗಮನವಿರಲಿ: ನಾಯಿ ಇಡೀ ದಿನ ಬಾಗಿಲ ಮುಂದೆ ನಿಂತು ಮೊಲಕ್ಕೆ ಕಾಯುತ್ತಾ ಊಟ ಬಿಟ್ಟರೆ ಆಟ ಅತಿಯಾಗಿದೆ.

ಎಲ್ಲ ಸರಿಯಾಗಿ ಮಾಡಿ ಮೂರು ತಿಂಗಳಾದರೂ ನಾಯಿಗೆ ಬೇಡವೆಂದರೆ ಬಿಟ್ಟುಬಿಡಿ. ಕೆಲವು ಹೌಂಡ್‌ಗಳಿಗೆ ಮನೆ ಕಾಯುವುದು, ನಿಮ್ಮ ಜೊತೆ ತೋಟ ಸುತ್ತುವುದೇ ಇಷ್ಟ. ಅಂಥದ್ದನ್ನು ಬೈದು ಓಡಿಸಿ ಪ್ರಯೋಜನವಿಲ್ಲ.

ಜೂನ್ ಶುರುವಾದ ಮೇಲೆ ಗದ್ದೆ ಓಟ ಪೂರ್ತಿ ನಿಲ್ಲಿಸಿ. ನೆಲ ಜಾರುತ್ತದೆ, ಜಿಗಣೆ ಕಾಟ ಬೇರೆ, ಇಲಿಜ್ವರದ ಲಸಿಕೆ ಹಾಕಿಸದ ನಾಯಿಗೆ ನಿಂತ ನೀರೂ ಅಪಾಯ. ಮಳೆ ಬಿಡುವವರೆಗೆ ಮಣ್ಣಿನ ನೆಲದ ಶೆಡ್ ಇದ್ದರೆ ವಾರಕ್ಕೆ ಎರಡು ಸಲ ಗಳದ ಆಟ ಆಡಿಸಿ, ಇಲ್ಲದಿದ್ದರೆ ನಡಿಗೆ ಸಾಕು. ನೆಲ ಒಣಗಿದ ಮೇಲೆ ನಿಲ್ಲಿಸಿದ ದೂರದಿಂದ ಶುರು ಮಾಡಬೇಡಿ, ಮತ್ತೆ 50 ಮೀಟರ್‌ನಿಂದಲೇ.